ಕತ್ತರಿಗೆ ಸಿಕ್ಕ ಕಿವಿ

ರಾಯದುರ್ಗ, ಮಡಕಶಿರಾಗಳ ಕಡೆ ಕುರಿಯಿಲ್ಲದ ಊರು ಅಪರೂಪ. ಕುರಿಯಿದ್ದಲ್ಲಿ ನಾಯಿಯಿಲ್ಲದೆ ನಡೆಯುವುದೂ ಇಲ್ಲ. ಮಳೆ ಕಡಿಮೆ, ಕಲ್ಲುಗುಡ್ಡ ಹೆಚ್ಚು, ಗುಡ್ಡದ ಸಂದಿಯಲ್ಲಿ ಚಿರತೆ, ಕರಡಿ, ಬಯಲಿನಲ್ಲಿ ತೋಳ. ರಾತ್ರಿ ಕುರಿರೊಪ್ಪದ ಸುತ್ತ ಬೊಗಳುತ್ತ ತಿರುಗುವ ನಾಲ್ಕು ಕಾಲಿನ ಕಾವಲುಗಾರ ಇಲ್ಲದಿದ್ದರೆ ಬೆಳಿಗ್ಗೆ ಕುರಿಯ ಲೆಕ್ಕ ಸರಿಹೋಗುವುದಿಲ್ಲ.

ಆಡಳಿತದ ಲೆಕ್ಕದಲ್ಲಿ ಈ ಎರಡೂ ಊರು ಆಂಧ್ರಪ್ರದೇಶಕ್ಕೆ ಸೇರಿವೆ. ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳ ಜೊತೆ ಆಚೆ ಹೋಯಿತು. ಮಡಕಶಿರಾಕ್ಕೆ ಹೆಚ್ಚುಕಡಿಮೆ ಮೂರು ಕಡೆಯೂ ಕರ್ನಾಟಕವೇ. 2022ರ ಏಪ್ರಿಲ್‌ನಲ್ಲಿ ಅದು ಅನಂತಪುರ ಜಿಲ್ಲೆಯಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎರಡೂ ಕಡೆ ಮನೆಯಲ್ಲಿ, ಸಂತೆಯಲ್ಲಿ ಕನ್ನಡ ನಡೆಯುತ್ತದೆ. ನಾಯಿ ಸಾಕುವ ರೂಢಿಗಳೂ ಗಡಿಯ ಈಚೆಗೂ ಆಚೆಗೂ ಒಂದೇ. ಆ ರೂಢಿಗಳಲ್ಲಿ ಒಂದು, ಮರಿಯ ಕಿವಿ ಕತ್ತರಿಸುವುದು.

ಈ ಸೀಮೆಯಲ್ಲಿ ಕತ್ತರಿ ಕಂಡ ನಾಯಿಕಿವಿಗಳು ಮೂರು ಬಗೆ. ಮೊದಲನೆಯದು ಹಳ್ಳಿಯದು. ‘ಕಿವಿ ಕುಯ್ದ್ರೆ ನಾಯಿ ಚುರುಕಾಗ್ತೈತೆ, ರೋಷ ಬರ್ತೈತೆ’ ಎಂಬ ನಂಬಿಕೆಯಿಂದ ಎಳೆಯ ಮರಿಯ ಕಿವಿಯನ್ನು ಬ್ಲೇಡಿನಿಂದಲೋ ಕತ್ತರಿಯಿಂದಲೋ ತೆಗೆದುಬಿಡುತ್ತಾರೆ. ಎರಡನೆಯದು ಪೇಟೆಯದು. ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ದುಡ್ಡು ಕೊಟ್ಟು ತಂದ ಡಾಬರ್‌ಮನ್, ಗ್ರೇಟ್ ಡೇನ್, ಪಿಟ್‌ಬುಲ್ ಮರಿಯ ಕಿವಿಯನ್ನು ಫೋಟೋದಲ್ಲಿ ಕಂಡ ಹಾಗೆ ನೆಟ್ಟಗೆ ನಿಲ್ಲಿಸಲು ಮಾಡಿಸುವ ಶಸ್ತ್ರಕ್ರಿಯೆ. ಇಂಗ್ಲಿಷಿನಲ್ಲಿ ಇಯರ್ ಕ್ರಾಪಿಂಗ್ ಎನ್ನುವುದು ಇದನ್ನೇ. ಮೂರನೆಯದು ಬೀದಿನಾಯಿಯದು. ಸಂತಾನಹರಣ ಚಿಕಿತ್ಸೆ ಆದ ನಾಯಿಯನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯಬಾರದಲ್ಲ, ಅದಕ್ಕೆ ಅರಿವಳಿಕೆಯಲ್ಲಿ ಇರುವಾಗಲೇ ಕಿವಿಯ ಅಂಚಿನಲ್ಲಿ ಒಂದು ಚಿಕ್ಕ ಗುರುತು ಮಾಡಿ ಬಿಡುತ್ತಾರೆ.

ಮೂರನೆಯದರಿಂದ ನಾಯಿಗೆ ಪ್ರಯೋಜನವಿದೆ: ನೋವು ತಿಳಿಯದ ಸ್ಥಿತಿಯಲ್ಲಿ ಆದ ಒಂದು ಸಣ್ಣ ಗಾಯ ಅದನ್ನು ಇನ್ನೊಂದು ದೊಡ್ಡ ಗಾಯದಿಂದ ಉಳಿಸುತ್ತದೆ. ಮೊದಲ ಎರಡರಿಂದ ನಾಯಿಗೆ ಏನು ಸಿಗುತ್ತದೆ ಎಂಬುದೇ ಈ ಅಧ್ಯಾಯದ ಪ್ರಶ್ನೆ.

ಹಾಲೆಯೊಳಗೆ ಏನಿದೆ

ನಿಮ್ಮ ನಾಯಿ ಒಪ್ಪಿದರೆ ಬೆಳಗಿನ ಬಿಸಿಲಿಗೆ ಅದರ ಕಿವಿಯ ಹಾಲೆಯನ್ನು ಎತ್ತಿ ಹಿಡಿದು ನೋಡಿ. ಬಿಳಿ ಅಥವಾ ಕಂದು ನಾಯಿಯಾದರೆ ತೆಳುವಾದ ಚರ್ಮದ ಹಿಂದೆ ಕೆಂಪು ಗೆರೆಗಳು ಬುಡದಿಂದ ತುದಿಯ ಕಡೆಗೆ ಕವಲೊಡೆಯುತ್ತ ಹೋಗುವುದು ಕಾಣುತ್ತದೆ. ಅವು ರಕ್ತನಾಳಗಳು. ಹಾಲೆಯೆಂದರೆ ಮೂರು ಪದರ. ಹೊರಗೊಂದು, ಒಳಗೊಂದು ಚರ್ಮ. ನಡುವೆ ಬಾಗಿಸಿದರೆ ಬಾಗುವ, ಬಿಟ್ಟರೆ ಮತ್ತೆ ಮೊದಲಿನಂತಾಗುವ ಮೃದ್ವಸ್ಥಿ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಅದನ್ನು ಹೊದ್ದಿರುವ ಪೊರೆಯಿಂದಲೇ ಅದಕ್ಕೆ ಪೋಷಣೆ. ಹೀಗಾಗಿ ಒಮ್ಮೆ ಕತ್ತರಿಸಿದ ಅಂಚು ಮತ್ತೆ ಬೆಳೆದು ತುಂಬಿಕೊಳ್ಳುವುದಿಲ್ಲ.

ಹಾಲೆಯ ಹೊರ ಅಂಚಿನಲ್ಲಿ, ಬುಡಕ್ಕೆ ಹತ್ತಿರ, ಚರ್ಮ ಎರಡಾಗಿ ಸೀಳಿ ಒಂದು ಪುಟ್ಟ ಜೇಬಿನಂತಾಗಿರುತ್ತದೆ. ನಾಯಿ ಸಾಕುವವರಲ್ಲೂ ಬಹಳ ಮಂದಿ ಇದನ್ನು ಗಮನಿಸಿರುವುದಿಲ್ಲ, ಉಣ್ಣೆಗಳು ಮಾತ್ರ ತಪ್ಪದೆ ಗಮನಿಸಿರುತ್ತವೆ. ನಾಯಿಯ ಮೈಯಲ್ಲಿ ಉಣ್ಣೆ ಹುಡುಕುವವರು ಮೊದಲು ಬೆರಳಾಡಿಸಬೇಕಾದ ಜಾಗ ಇದು.

ಈ ಹಾಲೆಯನ್ನು ಹಿಂದೆ, ಮುಂದೆ, ಪಕ್ಕಕ್ಕೆ ಆಡಿಸಲು ಹದಿನೈದಕ್ಕೂ ಹೆಚ್ಚು ಸ್ನಾಯುಗಳಿವೆ. ನೋವು, ಸ್ಪರ್ಶಗಳನ್ನು ಮಿದುಳಿಗೆ ಮುಟ್ಟಿಸಲು ಮುಖದ ನರಗಳಿಂದಲೂ ಕುತ್ತಿಗೆಯ ನರಗಳಿಂದಲೂ ಕವಲುಗಳು ಬಂದಿವೆ. ಒಂದು ಚಿಕ್ಕ ಅಂಗಕ್ಕೆ ಇಷ್ಟೊಂದು ನರ, ಸ್ನಾಯುಗಳಿರುವುದಕ್ಕೆ ಕಾರಣ ಅದರ ಕೆಲಸ. ಹಾಲೆ ಸದ್ದನ್ನು ಹಿಡಿದು ನಾಳದೊಳಕ್ಕೆ ಕಳಿಸುತ್ತದೆ. ಸದ್ದು ಎಡದಿಂದ ಬಂತೋ ಬಲದಿಂದಲೋ, ಮೇಲಿನಿಂದಲೋ ಕೆಳಗಿನಿಂದಲೋ ಎಂದು ತಿಳಿಯಲು ನೆರವಾಗುತ್ತದೆ. ಮನಸ್ಸಿನಲ್ಲಿರುವುದನ್ನು ಹೇಳುವುದು ಅದರ ಇನ್ನೊಂದು ಕೆಲಸ. ಹೆದರಿದ ನಾಯಿ ಕಿವಿಯನ್ನು ಹಿಂದಕ್ಕೆ ಒತ್ತಿಕೊಳ್ಳುತ್ತದೆ. ಕುತೂಹಲ ಬಂದರೆ ಮುಂದಕ್ಕೆ ತಿರುಗಿಸುತ್ತದೆ. ಮನೆಯವರು ಬಂದರೆ ಮೆತ್ತಗೆ ಕೆಳಗೆ ಬಿಡುತ್ತದೆ. ಎದುರಿನ ನಾಯಿ ಇದನ್ನು ಓದಿಕೊಂಡು ಹತ್ತಿರ ಬರಬೇಕೋ ದೂರ ಉಳಿಯಬೇಕೋ ತೀರ್ಮಾನಿಸುತ್ತದೆ. ಕಚ್ಚಾಟಗಳು ಎಷ್ಟೋ ಸಲ ಶುರುವಾಗುವ ಮುಂಚೆಯೇ ತಪ್ಪುವುದು ಹೀಗೆ.

ಕಿವಿ ಜೋತು ಬಿದ್ದದ್ದು

ತೋಳದ ಕಿವಿ ನೆಟ್ಟಗಿರುತ್ತದೆ. ಅದೇ ವಂಶದ ನಾಯಿಯ ಕಿವಿ ಹಲವು ತಳಿಗಳಲ್ಲಿ ಜೋತುಬಿದ್ದದ್ದು ಹೇಗೆ? ಚಾರ್ಲ್ಸ್ ಡಾರ್ವಿನ್ 1859ರಲ್ಲೇ ಇದನ್ನು ಗಮನಿಸಿದ್ದ. ಜಗತ್ತಿನ ಯಾವುದಾದರೊಂದು ಮೂಲೆಯಲ್ಲಾದರೂ ಜೋಲುಕಿವಿ ಇರದ ಸಾಕುಪ್ರಾಣಿಯೇ ಇಲ್ಲ ಎಂಬುದು ಅವನ ಅವಲೋಕನ. ಹಂದಿ, ಮೊಲ, ಮೇಕೆ, ಕುರಿ, ನಾಯಿ, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಕಾರಣದ ಜಾಡು ಸಿಕ್ಕಿದ್ದು ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ. ಅಲ್ಲಿ 1959ರಲ್ಲಿ ದ್ಮಿತ್ರಿ ಬೆಲ್ಯಾಯೆವ್ ಎಂಬ ತಳಿವಿಜ್ಞಾನಿ ನರಿಗಳನ್ನು ಸಾಕಿ, ಮನುಷ್ಯನಿಗೆ ಹೆದರದ, ಮೈಮೇಲೆ ಏರಿಬಾರದ ನರಿಗಳನ್ನಷ್ಟೇ ಆರಿಸಿ ಮರಿ ಮಾಡಿಸತೊಡಗಿದ. ಆರಿಸಿದ್ದು ಗುಣವನ್ನು ನೋಡಿ, ಕಿವಿಯನ್ನಲ್ಲ. ಆದರೂ ತಲೆಮಾರುಗಳು ಉರುಳಿದಂತೆ ಕೆಲವು ಮರಿಗಳ ಕಿವಿ ಜೋತುಬಿದ್ದವು, ಬಾಲ ಸುರುಳಿಯಾಯಿತು, ಮೈಮೇಲೆ ಬಿಳಿ ಮಚ್ಚೆ ಬಂತು. ಭ್ರೂಣದ ಬೆಳವಣಿಗೆಯಲ್ಲಿ ಮೃದ್ವಸ್ಥಿ, ಚರ್ಮದ ಬಣ್ಣ, ಹೆದರಿಕೆಯ ಹಾರ್ಮೋನು ಸುರಿಸುವ ಗ್ರಂಥಿ ಇವೆಲ್ಲಕ್ಕೂ ಒಂದೇ ಗುಂಪಿನ ಜೀವಕೋಶಗಳು ಪಾಲು ಕೊಡುತ್ತವೆ. ಸಾಧುತನಕ್ಕಾಗಿ ಆರಿಸಿದಾಗ ಆ ಕೋಶಗಳ ಪಾಲು ಎಲ್ಲ ಕಡೆಯೂ ಒಟ್ಟಿಗೇ ತಗ್ಗುತ್ತದೆ ಎಂಬ ವಾದವನ್ನು 2014ರಲ್ಲಿ ಮೂವರು ವಿಜ್ಞಾನಿಗಳು ಮುಂದಿಟ್ಟರು. ವಾದ ಇನ್ನೂ ಚರ್ಚೆಯಲ್ಲಿದೆ. ನಾಯಿಗಳ ಮಟ್ಟಿಗಂತೂ ಹತ್ತನೆಯ ವರ್ಣತಂತುವಿನ ಒಂದು ಭಾಗಕ್ಕೂ ಜೋಲುಕಿವಿಗೂ ನಂಟಿರುವುದು ಪತ್ತೆಯಾಗಿದೆ.

ಡಾಬರ್‌ಮನ್ ಮರಿಯ ಜೋಲುಕಿವಿ ಹಾಗಾದರೆ ಊನವಲ್ಲ, ಹುಟ್ಟುಲಕ್ಷಣ. ಜರ್ಮನಿಯ ಆಪೋಲ್ಡಾ ಊರಿನಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ಕಾರ್ಲ್ ಡಾಬರ್‌ಮನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ತಳಿಯನ್ನು ರೂಪಿಸಿದ. ದುಡ್ಡಿನ ಚೀಲ ಹಿಡಿದು ಊರೂರು ತಿರುಗುವವನಿಗೆ ಜೊತೆಯಲ್ಲೊಂದು ಕಾವಲು ಬೇಕಿತ್ತು. ಇಂದು ಆ ಹೆಸರು ಕೇಳಿದರೆ ಕಣ್ಣಮುಂದೆ ಬರುವ ಚೂಪುಕಿವಿ ತಳಿಯದಲ್ಲ, ಕತ್ತರಿಯದು.

ಕೊಡುವ ಕಾರಣಗಳು ಎಷ್ಟು ಗಟ್ಟಿ

ಕಿವಿ ಕತ್ತರಿಸುವವರು ಮುಖ್ಯವಾಗಿ ನಾಲ್ಕು ಕಾರಣ ಕೊಡುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಚೆನ್ನಾಗಿ ಕೇಳಿಸುತ್ತದೆ ಎಂಬುದು. ಮನುಷ್ಯನಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಅಮೆರಿಕದ ಹೆನ್ರಿ ಹೆಫ್ನರ್ 1983ರಲ್ಲಿ ಚಿಹುವಾಹುವಾದಿಂದ ಸೇಂಟ್ ಬರ್ನಾರ್ಡ್‌ವರೆಗೆ ಬೇರೆಬೇರೆ ಗಾತ್ರದ ನಾಯಿಗಳ ಶ್ರವಣಶಕ್ತಿ ಅಳೆದು ಪ್ರಕಟಿಸಿದರು. ನೆಟ್ಟಗಿವಿಯ ಪುಟ್ಟ ನಾಯಿಗೂ ಜೋಲುಕಿವಿಯ ದೈತ್ಯನಿಗೂ ಕೇಳಿಸುವ ವ್ಯಾಪ್ತಿ ಹೆಚ್ಚುಕಡಿಮೆ ಒಂದೇ ಇತ್ತು. ಪೊಲೀಸ್ ಶ್ವಾನದಳಗಳಲ್ಲಿ ಬಾಂಬು ಹುಡುಕುವ ಲ್ಯಾಬ್ರಡಾರ್‌ನ ಕಿವಿ ಜೋಲುವುದೇ, ಅದಕ್ಕೆ ಕಿವಿ ಕೇಳಿಸುವುದಿಲ್ಲ ಎಂದು ಯಾವ ತರಬೇತುದಾರನೂ ದೂರಿಲ್ಲ. ಕತ್ತರಿಸುವುದೆಂದರೆ ಸದ್ದು ಹಿಡಿಯುವ ಮೊರವನ್ನೇ ಚಿಕ್ಕದು ಮಾಡಿದಂತೆ. ಅದರಿಂದ ಹೆಚ್ಚು ಧಾನ್ಯ ಸಿಗುವುದು ಹೇಗೆ?

ಎರಡನೆಯದು, ಕಿವಿ ಸೋರುವ ರೋಗ ಬರುವುದಿಲ್ಲ ಎಂಬುದು. ಇದರಲ್ಲಿ ಅರ್ಧ ನಿಜವಿದೆ, ಆದ್ದರಿಂದಲೇ ಇದು ಹೆಚ್ಚು ನಂಬಿಸುತ್ತದೆ. ಬ್ರಿಟನ್ನಿನಲ್ಲಿ ಸುಮಾರು 22,000 ನಾಯಿಗಳ ಚಿಕಿತ್ಸಾ ದಾಖಲೆ ಪರಿಶೀಲಿಸಿದ 2021ರ ಅಧ್ಯಯನದಲ್ಲಿ ಜೋಲುಕಿವಿಯ ತಳಿಗಳಿಗೆ ನೆಟ್ಟಗಿವಿಯವಕ್ಕಿಂತ ಕಿವಿನಾಳದ ಉರಿಯೂತದ ಸಾಧ್ಯತೆ ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚು ಕಂಡಿತು. ಆದರೆ ಅದೇ ಅಧ್ಯಯನದಲ್ಲಿ ಪಟ್ಟಿಯ ಮೇಲ್ತುದಿಯಲ್ಲಿದ್ದ ಬ್ಯಾಸೆಟ್ ಹೌಂಡ್, ಶಾರ್‌ಪೇ, ಬೀಗಲ್, ಗೋಲ್ಡನ್ ರಿಟ್ರೀವರ್‌ಗಳ ಕಿವಿಯನ್ನು ಯಾರೂ ಕತ್ತರಿಸುವುದಿಲ್ಲ. ಶಾರ್‌ಪೇ ಕಿವಿಯಂತೂ ಪುಟ್ಟದು, ತೊಂದರೆ ಇರುವುದು ಅದರ ಇಕ್ಕಟ್ಟಾದ ನಾಳದಲ್ಲಿ. ನಾಯಿಯ ಕಿವಿನಾಳ ಮೊದಲು ನೇರ ಕೆಳಗಿಳಿದು, ಆಮೇಲೆ ಒಳಕ್ಕೆ ತಿರುಗಿ ತಮಟೆಯನ್ನು ಮುಟ್ಟುತ್ತದೆ. ಆ ತಿರುವಿನಲ್ಲಿ ಮೇಣ, ತೇವ ನಿಲ್ಲುತ್ತವೆ. ಚರ್ಮದ ಅಲರ್ಜಿ ಇರುವ ನಾಯಿಯಲ್ಲಿ ಅಲ್ಲಿಯೇ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹಾಲೆ ಕತ್ತರಿಸಿದರೂ ನಾಳ ಹಾಗೆಯೇ ಇರುತ್ತದೆ, ಅಲರ್ಜಿಯೂ ಹಾಗೆಯೇ ಇರುತ್ತದೆ.

ಮೂರನೆಯದು ಕುರಿಗಾಹಿಯ ಕಾರಣ: ತೋಳವೋ ಬೇರೆ ನಾಯಿಯೋ ಕಿವಿ ಹಿಡಿದು ಎಳೆದರೆ ಹರಿಯುತ್ತದೆ, ಹಿಡಿತಕ್ಕೆ ಸಿಗದಂತೆ ತೆಗೆದುಬಿಡುವುದೇ ಲೇಸು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಟರ್ಕಿ, ಕಾಕಸಸ್, ಮಧ್ಯ ಏಷ್ಯಾಗಳ ಕುರಿಕಾವಲು ನಾಯಿಗಳಿಗೂ ಇದೇ ಕಾರಣಕ್ಕೆ ಕಿವಿ ಕತ್ತರಿಸುವ ರೂಢಿ ಬೆಳೆಯಿತು. ಆದರೆ ತೋಳವಾಗಲಿ ಚಿರತೆಯಾಗಲಿ ಕೊಲ್ಲಲು ಹಿಡಿಯುವುದು ಗಂಟಲನ್ನು, ಕುತ್ತಿಗೆಯನ್ನು. ಅದಕ್ಕೆ ಅದೇ ಕುರಿಗಾಹಿಗಳು ಕಂಡುಕೊಂಡ ಉಪಾಯ ಮುಳ್ಳಿನ ಕೊರಳಪಟ್ಟಿ. ಅದು ಪ್ರಾಣ ಉಳಿಸುವ ರಕ್ಷಣೆ, ನಾಯಿಗೆ ಗಾಯವನ್ನೂ ಮಾಡುವುದಿಲ್ಲ. ಮೇಲಾಗಿ ಕಾವಲುನಾಯಿ ತೋಳದ ಜೊತೆ ಕಾದಾಡುವುದಕ್ಕಿಂತ ಹೆಚ್ಚಾಗಿ ಬೊಗಳಿ, ಅಡ್ಡ ನಿಂತು, ಸುತ್ತಲೂ ತನ್ನ ವಾಸನೆಯ ಗುರುತು ಬಿಟ್ಟು ತೋಳವನ್ನು ದೂರ ಇಡುತ್ತದೆ. ಒಂಟಿ ನಾಯಿಗಿಂತ ಎರಡು ಮೂರು ನಾಯಿಗಳಿದ್ದರೆ ರೊಪ್ಪಕ್ಕೆ ಹೆಚ್ಚು ಭದ್ರತೆ.

ನಾಲ್ಕನೆಯದು, ರೋಷ ಬರುತ್ತದೆ ಎಂಬುದು. ಧೈರ್ಯ ಕತ್ತರಿಯಿಂದ ಬರುವುದಲ್ಲ. ನಾಯಿಯ ಧೈರ್ಯಕ್ಕೆ ಕನ್ನಡನಾಡು ಕೊಟ್ಟ ಮರ್ಯಾದೆ ಬೇರೆಲ್ಲೂ ಕಾಣಸಿಗುವುದು ಕಷ್ಟ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನೇ ನೋಡಿ. ಕ್ರಿ.ಶ. 949–50ರ ಆ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನೆಟ್ಟದ್ದು. ಗಂಗರ ದೊರೆ ಬೂತುಗನಿಂದ ಮಣಲೇರ ಎಂಬ ವೀರ ಬೇಡಿ ಪಡೆದ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲು ಇಂದಿಗೂ ಇದೆ. ನಮ್ಮ ಕಾಲದ ಉದಾಹರಣೆ ಬೇಕೆಂದರೆ ಮುಧೋಳ ನಾಯಿ. ಅದರ ಕಿವಿ ಜೋಲುವುದು, ಯಾರೂ ಕತ್ತರಿಸದ್ದು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳ ಮರಿಗಳು 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಮೊಲದ ಹಿಂದೆ ಓಡುವಾಗ ಅದರ ಕಿವಿ ಅಡ್ಡ ಬಂದದ್ದಿಲ್ಲ.

ಕತ್ತರಿಯಿಂದ ಬದಲಾಗುವುದು ನೋಡುವವರ ಕಣ್ಣು. ಕೆನಡಾದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಿವಿ, ಬಾಲ ಕತ್ತರಿಸಿದ ನಾಯಿಯ ಮತ್ತು ಕತ್ತರಿಸದ ನಾಯಿಯ ಚಿತ್ರಗಳನ್ನು ಜನರಿಗೆ ತೋರಿಸಿದ್ದರು. ಕತ್ತರಿಸಿದ ನಾಯಿಯೇ ಹೆಚ್ಚು ಸಿಡುಕಿನದು ಎಂದು ಜನ ಭಾವಿಸಿದರು. ಅಂಥ ನಾಯಿ ಸಾಕಿದವರನ್ನೂ ಹಾಗೆಯೇ ಅಳೆದರು.

ಕತ್ತರಿಸುವಾಗ ಮತ್ತು ಆಮೇಲೆ

ಹಣ ಕೊಟ್ಟು ಮಾಡಿಸುವ ಕ್ರಾಪಿಂಗ್ ಸಾಮಾನ್ಯವಾಗಿ ಮರಿಗೆ ಏಳರಿಂದ ಹನ್ನೆರಡು ವಾರವಾದಾಗ ನಡೆಯುತ್ತದೆ. ಸರಿಯಾಗಿ ಮಾಡಿದರೆ ಪೂರ್ತಿ ಅರಿವಳಿಕೆ ಬೇಕು. ಹಾಲೆಯ ಮೇಲೆ ಅಳತೆ ಹಾಕಿ, ಚಿಮುಟದಿಂದ ಹಿಡಿದು, ಬುಡದಿಂದ ತುದಿಯವರೆಗೆ ಹೊರ ಅಂಚನ್ನು ಕತ್ತರಿಸುತ್ತಾರೆ. ಮೃದ್ವಸ್ಥಿಯ ಅಂಚು ಹೊರಗೆ ಕಾಣದಂತೆ ಎರಡು ಪದರ ಚರ್ಮವನ್ನು ಸೇರಿಸಿ ಉದ್ದಕ್ಕೂ ಹೊಲಿಗೆ ಹಾಕುತ್ತಾರೆ.

ಅಲ್ಲಿಗೆ ಮುಗಿಯಿತು ಎಂದು ಮಾಲೀಕ ತಿಳಿದಿರುತ್ತಾನೆ. ಕಷ್ಟ ಶುರುವಾಗುವುದು ಆಮೇಲೆ. ಕತ್ತರಿಸಿದ ಮಾತ್ರಕ್ಕೆ ಕಿವಿ ನಿಲ್ಲುವುದಿಲ್ಲ, ಆಸರೆ ಕೊಟ್ಟು ಟೇಪು ಸುತ್ತಿ ನಿಲ್ಲಿಸಬೇಕು. ಕೆಲವು ದಿನಕ್ಕೊಮ್ಮೆ ಟೇಪು ಬಿಚ್ಚಿ, ಗಾಯ ಒರೆಸಿ, ಮತ್ತೆ ಸುತ್ತಬೇಕು. ಡಾಬರ್‌ಮನ್‌ಗೆ ಇದು ವಾರಗಟ್ಟಲೆ, ಗ್ರೇಟ್ ಡೇನ್‌ಗೆ ತಿಂಗಳುಗಟ್ಟಲೆ. ಪ್ರತಿ ಸಲ ಟೇಪು ಕಿತ್ತಾಗ ಮರಿ ಕಿರುಚುತ್ತದೆ, ಕೆರೆಯುತ್ತದೆ, ತಲೆ ಕೊಡವುತ್ತದೆ. ಗಾಯ ಬಿರಿಯಬಹುದು, ಕೀವಾಗಬಹುದು, ಮಾಯುವಾಗ ಚರ್ಮ ಸುಕ್ಕಿ ಕಿವಿ ಸೊಟ್ಟಗಾಗಬಹುದು. ಇಷ್ಟೆಲ್ಲ ಆದ ಮೇಲೂ ಒಂದು ಕಿವಿ ನಿಂತು ಇನ್ನೊಂದು ಬಾಗಿರುವ ನಾಯಿಗಳಿವೆ.

ಇದೆಲ್ಲ ನಡೆಯುವ ವಯಸ್ಸನ್ನು ಗಮನಿಸಿ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಬಹಳ ವರ್ಷ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಬರೆದ ಪುಸ್ತಕ ಇಂದಿಗೂ ಈ ವಿಷಯಕ್ಕೆ ಆಧಾರ. ಮೂರರಿಂದ ಹನ್ನೆರಡು ವಾರದ ನಡುವೆ ಮರಿ ಜಗತ್ತನ್ನು ಪರಿಚಯ ಮಾಡಿಕೊಳ್ಳುತ್ತದೆ. ಮಕ್ಕಳು, ಅಪರಿಚಿತರು, ಬೇರೆ ನಾಯಿ, ಆಟೋ ಸದ್ದು, ಆಸ್ಪತ್ರೆಯ ವಾಸನೆ ಇವಕ್ಕೆಲ್ಲ ಹೆದರಬೇಕೋ ಬೇಡವೋ ಎಂದು ಕಲಿಯುವುದು ಆಗಲೇ. ಆ ವಾರಗಳಲ್ಲಿ ತಲೆಗೆ ಬರುವ ಮನುಷ್ಯನ ಕೈಯೆಂದರೆ ನೋವು ಎಂದು ಕಲಿತ ಮರಿ ಮುಂದೆ ತಲೆ ಮುಟ್ಟಲು ಬಿಡದಿದ್ದರೆ, ಬಂದವರ ಮೇಲೆ ಗುರ್ರೆಂದರೆ, ಅದಕ್ಕೆ ರೋಷವೆಂದು ಹೆಸರಿಡುವುದು ಸುಲಭ. ಅದು ಭಯ. ಭಯದ ನಾಯಿ ಕಳ್ಳನಿಗಿಂತ ಮೊದಲು ಮನೆಯ ಮಗುವನ್ನು ಕಚ್ಚಬಹುದು.

ನಮ್ಮ ಸೀಮೆಯ ಮರಿಗೆ ಅಪಾಯ ಹೆಚ್ಚು

ತಂಪು ದೇಶದ ಪುಸ್ತಕಗಳಲ್ಲಿ ಅಷ್ಟಾಗಿ ಬರೆಯದ ಕೆಲವು ಅಪಾಯಗಳು ರಾಯದುರ್ಗ, ಮಡಕಶಿರಾ, ಪಾವಗಡ, ಚಳ್ಳಕೆರೆಗಳ ಮರಿಗಿವೆ.

ಮೊದಲು ಉಣ್ಣೆ. ಕಂದು ಬಣ್ಣದ ನಾಯಿಉಣ್ಣೆಗೆ ಬಿಸಿಲುಸೀಮೆ ಒಗ್ಗುತ್ತದೆ. ಅದು ಹರಡುವ ಎರ್ಲಿಕಿಯಾ ಎಂಬ ರೋಗಾಣು ರಕ್ತದಲ್ಲಿನ ಪ್ಲೇಟ್‌ಲೆಟ್‌ಗಳನ್ನು ಇಳಿಸುತ್ತದೆ, ಅಂದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗುತ್ತದೆ. ಅದೇ ಉಣ್ಣೆ ಹರಡುವ ಬಬೀಸಿಯಾ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹೊರನೋಟಕ್ಕೆ ಲವಲವಿಕೆಯಿಂದಿರುವ ಮರಿಯಲ್ಲೂ ಇವು ಅಡಗಿರಬಹುದು.

ಎರಡು, ಕೊಕ್ಕೆಹುಳು. ತಾಯಿನಾಯಿಯ ಹಾಲಿನ ಮೂಲಕವೇ ಮರಿಗೆ ಬಂದು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಎಂಟು ವಾರದ ಮರಿಯ ವಸಡು ಬಿಳಚಿಕೊಂಡಿದ್ದರೆ ಅದಕ್ಕೆ ಕಳೆದುಕೊಳ್ಳಲು ರಕ್ತವೇ ಉಳಿದಿಲ್ಲವೆಂದು ಅರ್ಥ. ಅಂಥ ಮರಿಯ ಕಿವಿಗೆ ಕತ್ತರಿ ಹಾಕುವುದೆಂದರೆ ಅದರ ಪ್ರಾಣಕ್ಕೇ ಕೈಹಾಕಿದಂತೆ.

ಮೂರು, ಯಾವ ಸೀಮೆಯಲ್ಲಾದರೂ ಡಾಬರ್‌ಮನ್ ತಳಿಯ ಒಳಗೇ ಇರುವ ತೊಂದರೆ. ವಾನ್ ವಿಲ್ಲೆಬ್ರಾಂಡ್ ಎಂಬ ರಕ್ತಸ್ರಾವದ ಆನುವಂಶಿಕ ಕಾಯಿಲೆ ಈ ತಳಿಯಲ್ಲಿ ಬಹಳ ಸಾಮಾನ್ಯ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು ಇಂಥ ನಾಯಿಯಲ್ಲಿ ಕಡಿಮೆ ಇರುತ್ತದೆ. ದಿನನಿತ್ಯದಲ್ಲಿ ಏನೂ ಗೊತ್ತಾಗುವುದಿಲ್ಲ, ಕತ್ತರಿ ಬಿದ್ದ ದಿನ ಗೊತ್ತಾಗುತ್ತದೆ. ಜನ ಹೆಚ್ಚಾಗಿ ಕಿವಿ ಕತ್ತರಿಸುವ ತಳಿಯಲ್ಲೇ ರಕ್ತ ನಿಲ್ಲದ ಕಾಯಿಲೆಯೂ ಹೆಚ್ಚು.

ನಾಲ್ಕು, ನೊಣ. ತೆರೆದ ಗಾಯದ ಅಂಚಿನಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ. ಹಳ್ಳಿಯ ಪಶು ಆಸ್ಪತ್ರೆಗೆ ಬರುವ ನಾಯಿಗಳಲ್ಲಿ ಕಿವಿಯಲ್ಲಿ ಹುಳವಾದವು ಹೊಸದಲ್ಲ. ನಾಯಿ ತನ್ನ ಮೈಯ ಬೇರೆ ಗಾಯವನ್ನಾದರೂ ನೆಕ್ಕಿ ಸ್ವಚ್ಛ ಮಾಡಿಕೊಂಡೀತು, ಕಿವಿಗೆ ಅದರ ನಾಲಿಗೆ ಎಟುಕುವುದಿಲ್ಲ.

ಇವೆಲ್ಲದರ ಜೊತೆಗೆ ಪಾರ್ವೊ ಎಂಬ ವೈರಸ್ ರೋಗ. ಆರೆಂಟು ವಾರಕ್ಕೆ ಲಸಿಕೆ ಶುರುಮಾಡಿದರೂ ಹದಿನಾರು ವಾರದ ತನಕ ಸರಣಿ ಮುಗಿಯುವುದಿಲ್ಲ. ಕಿವಿಯ ಟೇಪು ಬದಲಿಸಲೆಂದು ಮತ್ತೆಮತ್ತೆ ಹೊರಗೆ ಒಯ್ಯುವ ಮರಿ ಆ ಅವಧಿಯಲ್ಲಿ ಅರೆರಕ್ಷಣೆಯಲ್ಲಿರುತ್ತದೆ.

ಕಾನೂನು ಎರಡೂ ಕಡೆ ಒಂದೇ

ಕರ್ನಾಟಕದಲ್ಲಿ ಆಗದ್ದನ್ನು ಆಂಧ್ರದಲ್ಲಿ ಮಾಡಿಸಬಹುದು, ಅಲ್ಲಿ ಆಗದ್ದನ್ನು ಇಲ್ಲಿ ಎಂಬ ಲೆಕ್ಕಾಚಾರ ಇದರಲ್ಲಿ ನಡೆಯುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕೇಂದ್ರದ್ದು. ಅದರ 11ನೆಯ ಸೆಕ್ಷನ್ ಪ್ರಾಣಿಯ ಅಂಗ ಊನಗೊಳಿಸುವುದನ್ನು ಅಪರಾಧವೆನ್ನುತ್ತದೆ. ದನದ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಮುದ್ರೆ ಹಾಕುವುದು, ಮೂಗುದಾರ ಪೋಣಿಸುವುದು ಇವಕ್ಕೆ ನಿಗದಿತ ರೀತಿಯಲ್ಲಿ ವಿನಾಯಿತಿ ಇದೆ. ನಾಯಿಯ ಕಿವಿ ಆ ಪಟ್ಟಿಯಲ್ಲಿಲ್ಲ. ಶಿಕ್ಷೆ ಮಾತ್ರ ಅರವತ್ತಕ್ಕೂ ಹೆಚ್ಚು ವರ್ಷ ಹಳೆಯದು: ಮೊದಲ ತಪ್ಪಿಗೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿವರೆಗೆ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ದಂಡ ನೂರರವರೆಗೆ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದು ಮರಿಯ ಬೆಲೆಯ ಮುಂದೆ ಈ ದಂಡ ಯಾರನ್ನೂ ಹೆದರಿಸುವಂಥದ್ದಲ್ಲ.

ಭಾರತೀಯ ಪಶುವೈದ್ಯ ಪರಿಷತ್ತು 2011ರಲ್ಲಿ, ಚಿಕಿತ್ಸೆಯ ಅಗತ್ಯವಿಲ್ಲದೆ ಕಿವಿ, ಬಾಲ ಕತ್ತರಿಸುವುದು ಸಲ್ಲದೆಂದು ವೈದ್ಯರಿಗೆ ತಿಳಿಸಿತ್ತು. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಮದ್ರಾಸ್ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2013ರಲ್ಲಿ ಕೋರ್ಟು ಪರಿಷತ್ತಿನ ಸೂಚನೆಯನ್ನು ರದ್ದುಮಾಡಿತು. ಇದನ್ನೇ ತೋರಿಸಿ ಕಿವಿ ಕತ್ತರಿಸಲು ಅನುಮತಿ ಸಿಕ್ಕಿದೆ ಎನ್ನುವವರಿದ್ದಾರೆ. ರದ್ದಾದದ್ದು ಪರಿಷತ್ತಿನ ಸೂಚನೆ, 1960ರ ಕಾಯ್ದೆಯಲ್ಲ. ಇದರ ಜೊತೆ 1984ರ ಪಶುವೈದ್ಯ ಪರಿಷತ್ ಕಾಯ್ದೆಯಂತೆ ನೋಂದಾಯಿತ ಪಶುವೈದ್ಯರಲ್ಲದವರು ಶಸ್ತ್ರಕ್ರಿಯೆ ಮಾಡುವಂತಿಲ್ಲ. ಮರಿ ಮಾರುವವನೇ ಮನೆಯ ಹಿತ್ತಲಲ್ಲಿ ಕತ್ತರಿ ಹಿಡಿದರೆ ತಪ್ಪು ಎರಡಾಯಿತು.

ಯೂರೋಪಿನಲ್ಲಿ 1987ರ ಸಾಕುಪ್ರಾಣಿ ರಕ್ಷಣಾ ಒಪ್ಪಂದ ಕಿವಿ ಕತ್ತರಿಸುವುದನ್ನು ನಿಷೇಧಿಸುತ್ತದೆ. ಬ್ರಿಟನ್ನಿನ ಕೆನಲ್ ಕ್ಲಬ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಕಿವಿ ಕತ್ತರಿಸಿದ ನಾಯಿಗಳಿಗೆ ಪ್ರದರ್ಶನದ ಬಾಗಿಲು ಮುಚ್ಚಿತು. ಡಾಬರ್‌ಮನ್ ಹುಟ್ಟಿದ ಜರ್ಮನಿಯಲ್ಲೂ ಈಗ ಅದರ ಕಿವಿ ಕತ್ತರಿಸುವಂತಿಲ್ಲ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಷೇಧವಿಲ್ಲ, ಆದರೆ ಅಲ್ಲಿನ ಪಶುವೈದ್ಯ ಸಂಘ ಅಂದಕ್ಕಾಗಿ ಕಿವಿ ಕತ್ತರಿಸುವುದನ್ನು ವಿರೋಧಿಸುತ್ತದೆ.

ಕಿವಿಗೆ ಗಡ್ಡೆ ಬಂದರೆ, ಕಚ್ಚಾಟದಲ್ಲಿ ಹರಿದು ಕೊಳೆತರೆ, ತಲೆ ಕೊಡವಿ ಹಾಲೆಯೊಳಗೆ ರಕ್ತ ತುಂಬಿ ಊದಿಕೊಂಡರೆ ಪಶುವೈದ್ಯರು ಶಸ್ತ್ರಕ್ರಿಯೆ ಮಾಡಬೇಕಾಗಬಹುದು. ಅದು ಚಿಕಿತ್ಸೆ. ಅದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಸಾಕುವವರಿಗೆ

ಮರಿ ಕೊಳ್ಳುವುದಿದ್ದರೆ ಮುಂಗಡ ಕೊಡುವ ಮುಂಚೆಯೇ ‘ಕಿವಿ, ಬಾಲ ಎರಡೂ ಮುಟ್ಟಬೇಡಿ’ ಎಂದು ಹೇಳಿ. ತಳಿ ಬೆಳೆಸುವವರು ಕತ್ತರಿಸುವುದು ಕೊಳ್ಳುವವರು ಕೇಳುತ್ತಾರೆಂದು. ಎಂಟು ವಾರ ತುಂಬದ ಮರಿ ಮಾರುವುದನ್ನು ನಾಯಿ ತಳಿ ಬೆಳೆಸುವಿಕೆ, ಮಾರಾಟದ 2017ರ ನಿಯಮಗಳು ನಿಷೇಧಿಸುತ್ತವೆ. ಅದಕ್ಕಿಂತ ಎಳೆಯ ಮರಿಯನ್ನು, ಅದರಲ್ಲೂ ಆಗಲೇ ಕಿವಿ ಹೊಲಿದ ಮರಿಯನ್ನು ಮಾರಲು ಬಂದವನ ಹತ್ತಿರ ವ್ಯವಹಾರ ಬೇಡ.

ಕ್ರಾಪಿಂಗ್‌ಗೆಂದು ತೆಗೆದಿಟ್ಟ ಹಣವನ್ನು ಮರಿಯ ಲಸಿಕೆಗೆ ಕೊಡಿ. ಎರಡು ವಾರದಿಂದಲೇ ಜಂತುಹುಳದ ಔಷಧ, ಆರೆಂಟು ವಾರದಿಂದ ಪಾರ್ವೊ, ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ವರ್ಷಕ್ಕೆ ಮತ್ತೊಂದು. ಕುರಿಯ ಹಿಂದೆ ಹೋಗುವ ನಾಯಿಗೆ ಇದರ ಜೊತೆ ಮುಳ್ಳಿನ ಕೊರಳಪಟ್ಟಿ ಹಾಕಿ.

ಜೋಲುಕಿವಿಯ ನಾಯಿಗೆ ವಾರಕ್ಕೊಮ್ಮೆ ಹಾಲೆ ಎತ್ತಿ ನೋಡುವ ಅಭ್ಯಾಸವಿರಲಿ. ಒಳಚರ್ಮ ತಿಳಿ ಗುಲಾಬಿ ಬಣ್ಣದಲ್ಲಿದ್ದು ವಾಸನೆಯಿಲ್ಲದಿದ್ದರೆ ಏನೂ ಮಾಡಬೇಕಾಗಿಲ್ಲ. ಕೆಂಪಾಗಿದ್ದರೆ, ಕಂದು ಮೇಣ ಬರುತ್ತಿದ್ದರೆ, ಹುಳಿ ವಾಸನೆಯಿದ್ದರೆ, ನಾಯಿ ತಲೆ ವಾಲಿಸಿ ಕೊಡವುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಬಿಸಿ ಎಣ್ಣೆ, ಹೈಡ್ರೋಜನ್ ಪೆರಾಕ್ಸೈಡ್, ಮನೆಯಲ್ಲಿ ಉಳಿದ ಮನುಷ್ಯರ ಕಿವಿಹನಿ ಯಾವುದನ್ನೂ ಹಾಕಬೇಡಿ. ತಮಟೆ ತೂತಾಗಿದ್ದರೆ ಔಷಧಿಯೇ ಕಿವುಡು ತರಬಹುದು. ಸ್ನಾನವಾದ ಮೇಲೆ, ಕೆರೆಯಲ್ಲಿ ಈಜಿ ಬಂದ ಮೇಲೆ ಒಣಬಟ್ಟೆಯಿಂದ ಒರೆಸಿ. ಹತ್ತಿಕಡ್ಡಿಯನ್ನು ನಾಳದೊಳಕ್ಕೆ ತೂರಿಸಬೇಡಿ, ಅದು ಮೇಣವನ್ನು ಇನ್ನಷ್ಟು ಒಳಕ್ಕೆ ದೂಡುತ್ತದೆ.

ಕಿವಿ ಕತ್ತರಿಸಿದ ನಾಯಿ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ದೂರಬೇಡಿ, ದೂರವಿಡಲೂ ಬೇಡಿ. ಕಿವಿಯಿಂದ ಹೇಳಲಾಗದ್ದನ್ನು ಅದು ಬಾಲದಿಂದ, ಮೈಯಿಂದ, ಕಣ್ಣಿನಿಂದ ಹೇಳುತ್ತದೆ. ಅದನ್ನು ಗಮನಿಸುವುದನ್ನು ಮನೆಯ ಮಕ್ಕಳಿಗೂ ಕಲಿಸಿ. ತಲೆ ಮುಟ್ಟಿದರೆ ಹಿಂಜರಿಯುವ ನಾಯಿಯಾದರೆ ಮೊದಲು ಎದೆ, ಭುಜ ಸವರಿ ಅಭ್ಯಾಸ ಮಾಡಿಸಿ.

ಅಂದಕ್ಕೋ ರೋಷಕ್ಕೋ ಕಿವಿ ಕತ್ತರಿಸಿದ್ದರಿಂದ ನಾಯಿಗೆ ಒಂದು ಲಾಭವಾಯಿತು ಎಂದು ತೋರಿಸುವ ಪುರಾವೆ ಇಲ್ಲ. ನೋವು, ಸೋಂಕು, ರಕ್ತಸ್ರಾವ, ಭಯಗಳಿಗೆ ಪುರಾವೆ ಬೇಕಾದಷ್ಟಿದೆ. ನಿಮ್ಮ ಮನೆಗೆ ಬರುವ ಮುಂದಿನ ಮರಿ ಡಾಬರ್‌ಮನ್ ಆಗಿರಲಿ, ರೊಪ್ಪದ ಊರನಾಯಿಯಾಗಿರಲಿ, ಹುಟ್ಟಿದ ಕಿವಿಯಲ್ಲೇ ಅದನ್ನು ಬೆಳೆಯಲು ಬಿಡಿ.